ಉಸುಕು ಉಳಿಸಿದ ಜೀವ

ವಾಘೋಲಿ, ಪುಣೆ
೯ ಫೆಬ್ರವರಿ ೨೦೨೫

ನನ್ನ ಅವ್ವನಿಗೆ ನಿನ್ನ ದುರ್ಗಾ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ನನ್ನ ದನಿ ಕೇಳಿದೊಡನೆ ನೀನು ಅಳುತ್ತೀ. ನಿನ್ನ ಅಳು ಕೇಳಿ ನಾನೂ ಹೇಳಬೇಕಾದ್ದು ಮರೆಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ತಂಗಿ ಶಿವಕಾಂತಾ ನಿಧಾನವಾಗಿ ಓದಿ ಹೇಳಲಿ. ನೀನು ಅತ್ತರೆ ಓದುವುದನ್ನು ಅಲ್ಲಿಗೇ ನಿಲ್ಲಿಸು ಅಂತ ಅವಳಿಗೆ ಹೇಳಿದ್ದೇನೆ.

ನಾನು ಆರಾಮಿದ್ದೇನೆ. ಸೊಂಟದ ನೋವು ಇಳಿದಿದೆ. ನೀನು ಕಳಿಸಿದ ಶೇಂಗಾ ಹಿಂಡಿಯನ್ನು ನಿನ್ನ ಅಳಿಯ ಒಬ್ಬರೇ ರೊಟ್ಟಿಗೆ ಹಚ್ಚಿಕೊಂಡು ಮುಗಿಸುತ್ತಿದ್ದಾರೆ.

ನಾನು ಬಿದ್ದ ದಿನ ಆದದ್ದು ಇಷ್ಟು. ಸಿಮೆಂಟು ತುಂಬಿದ ಪುಟ್ಟಿಯನ್ನು ತಲೆಯ ಮೇಲೆ ಹೊತ್ತು ಎರಡನೇ ಮಾಳಿಗೆಗೆ ಏರಿದ್ದೆ. ಕಾಲಡಿಯ ಹಲಗೆ ಜಾರಿತು. ಬಿದ್ದದ್ದು ಉಸುಕಿನ ರಾಶಿಯ ಮೇಲೆ. ಆ ಉಸುಕು ಅಲ್ಲಿ ಇರಬೇಕಾದ್ದೇ ಅಲ್ಲ, ಅವ್ವಾ. ಲಾರಿಯವನು ತಪ್ಪು ಜಾಗದಲ್ಲಿ ಸುರಿದನೆಂದು ನಮ್ಮಿಂದ ಕೆಲಸ ಮಾಡಿಸುವ ಮುಕಾದಮ ಫಕೀರಪ್ಪ ಕಾಕಾ ಮುಂಜಾನೆಯಿಂದ ಬೈಯುತ್ತಿದ್ದರು. ಮುಂದೆ ಆ ಡ್ರೈವರ್ ಬಂದಾಗ ನಾನೇ ಚಹಾ ಮಾಡಿ ಕೊಟ್ಟೆ. ಯಾಕೆಂದು ತಿಳಿಯದೆ ನಗುತ್ತ ಕುಡಿದು ಹೋದ.

ನೀನು ದೇವಿಗೆ ಉಡಿ ತುಂಬುವ ಹರಕೆ ಹೊತ್ತದ್ದು ಸರಿಯೇ. ನಾನೇ ಬಂದು ತುಂಬುತ್ತೇನೆ. ಆದರೆ "ದೇವಿ ಉಳಿಸ್ಯಾಳ, ಕೆಲಸ ಬಿಟ್ಟು ಬಂದ್ಬಿಡು" ಅಂದೆಯಲ್ಲ, ಅದಕ್ಕೆ ಒಪ್ಪಲಾರೆ. ನಾನು ಬಂದರೆ ಆ ಹಲಗೆಯ ಮೇಲೆ ಇನ್ನೊಬ್ಬಳು ನಿಲ್ಲುತ್ತಾಳೆ. ಅವಳ ಕೆಳಗೆ ಉಸುಕು ಇರುತ್ತದೆಯೇ?

ಮತ್ತೆ ಕೆಲಸಕ್ಕೆ ಹೋದ ದಿನ, ಸೇಫ್ಟಿ ಬೆಲ್ಟ್ ಕೊಡ್ರಿ, ಬಿದ್ರ ತಡೆಯೂಹಂಗ ಕೆಳಗ ಜಾಳಿ ಕಟ್ಟಿಸ್ರಿ, ಆಮ್ಯಾಲ ಏರತೀನಿ ಅಂದೆ. ಕಾಕಾ ನಕ್ಕರು. "ನಿನ್ನ ದೈವ ಭಾಳ ಗಟ್ಟಿ ಅದ ತಂಗಿ, ನಿನಗೇನೂ ಆಗೂದಿಲ್ಲ. ಏರು."

"ದೈವ ತನ್ನ ಕೆಲಸ ಮಾಡ್ಯದ್ರಿ ಕಾಕಾ. ಇನ್ನ ನಮ್ಮ ಕೆಲಸ ನಾವು ಮಾಡೂಣು" ಅಂದವಳೇ ಅಲ್ಲೇ ಕೂತುಬಿಟ್ಟೆ.

ನಾಳೆಯೇ ಬೇರೆ ಮಂದಿಯನ್ನು ತರುತ್ತೇನೆ ಎಂದು ಅವರು ಕೂಗಾಡಿದರು. ಅಲ್ಲೇ ಇಟ್ಟಿಗೆ ಹೊರುತ್ತಿದ್ದ ನಿನ್ನ ಅಳಿಯ ನನ್ನತ್ತ ಬಂದರು. ಎಬ್ಬಿಸಿ ಕರೆದೊಯ್ಯಲು ಬಂದರೆಂದುಕೊಂಡೆ. ಅವರು ನನ್ನ ಪಕ್ಕದಲ್ಲೇ ಕೂತುಬಿಟ್ಟರು. ಆಮೇಲೆ ಲಾತೂರಿನ ಅಂಬಾಬಾಯಿ ತನ್ನ ಖಾಲಿ ಪುಟ್ಟಿ ಕವುಚಿ ಹಾಕಿ ಅದರ ಮೇಲೆಯೇ ಕೂತಳು. ಮಧ್ಯಾಹ್ನದ ಹೊತ್ತಿಗೆ ಹೆಂಗಸರೆಲ್ಲ ಕೂತಿದ್ದರು. ಕಡೆಗೆ ಎಂಜಿನಿಯರ್ ಬಂದು ಸ್ಟೋರ್ ರೂಮಿನ ಬೀಗ ತೆಗೆಸಿದರು. ಬೆಲ್ಟುಗಳು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಅಲ್ಲೇ ಬಿದ್ದಿದ್ದವು, ಅವ್ವಾ!

ಈಗ ಜಾಳಿಯನ್ನೂ ಕಟ್ಟಿದ್ದಾರೆ. ಕಾಕಾ ಕೆಲವು ದಿನ ನನ್ನ ಮೇಲೆ ಸಿಡಿಮಿಡಿ ಅನ್ನುತ್ತಿದ್ದರು. ನಿನ್ನೆ ತಾವೂ ಬೆಲ್ಟ್ ಹಾಕಿಕೊಂಡು ಬಂದು, "ಕೊಂಡಿ ಸರಿ ಬಿದ್ದದೇನ್ ನೋಡವಾ" ಅಂದರು.

ಮೇಲೆ ಏರಿದಾಗ ಈಗಲೂ ಹೆದರಿಕೆಯಾಗುತ್ತದೆ. ಆದರೆ ಗಾಳಿ ಮುಖಕ್ಕೆ ಬಡಿದಾಗ, ಇದ್ದೇನಲ್ಲಾ ಅಂತ ಸುಮ್ಮನೆ ಖುಷಿಯಾಗುತ್ತದೆ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಮಡಿಲ ಕೂಸು,
ದುರ್ಗಾ

ತಾ.ಕ.: ಅಪ್ಪ ಇದೇ ಪುಣೆಯಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡ ದಿನ ಫಕೀರಪ್ಪ ಕಾಕಾ ಜೊತೆಗಿದ್ದರಂತೆ. ನಿನ್ನೆ ಕೊಂಡಿ ನೋಡುತ್ತ ಕೇಳಿದೆ, ಅಪ್ಪಗ ಬೆಲ್ಟ್ ಇತ್ತೇನ್ರಿ ಅಂತ. ತಲೆ ತಗ್ಗಿಸಿ, "ಯಾರಿಗೂ ಇರಲಿಲ್ಲ ತಂಗಿ" ಅಂದರು. ಊರ ಮಂದಿ ನಿನ್ನ ಕಾಲ್ಗುಣ ಅಂದರು, ನೀನೂ ಇಷ್ಟು ವರ್ಷ ಅದನ್ನೇ ನಂಬಿದೆ. ನಿನ್ನ ಕಾಲ್ಗುಣ ಅಲ್ಲವ್ವಾ ಅದು. ಮುಂದಿನ ತಿಂಗಳು ಶಿವಕಾಂತಾಳ ಮದುವೆಯಲ್ಲಿ ಕಂಬದ ಮರೆಗೆ ನಿಲ್ಲಬೇಡ. ಅವಳಿಗೆ ಮೊದಲ ಅರಿಶಿನ ನೀನೇ ಹಚ್ಚು.