ಕಾವೇರಿಯ 'ಅಜಾಗರೂಕತೆ'

ಕಾರ್ಖಾನೆಗಳ ತಪಾಸಣೆ ಮಾಡುವ ಮಾನ್ಯ ಅಧಿಕಾರಿಗಳೇ,

ಕೆ.ಆರ್. ಪುರದ ಆಚೆ, ಯಂತ್ರದ ಬಿಡಿಭಾಗಗಳ ಜಿಡ್ಡು ತೊಳೆಯುವ ಶೆಡ್ಡಿನಲ್ಲಿ ಅಪಘಾತಕ್ಕೀಡಾಗಿ ಸತ್ತ ಕಾವೇರಿಯ ಬಗ್ಗೆ ನೀವು ಬರೆದ ವರದಿ ಓದಿದೆ. 'ಮೃತೆಯ ಅಜಾಗರೂಕತೆಯೇ ಕಾರಣ' ಎಂದಿದ್ದೀರಿ. ಅವಳು ಆ ತೊಳೆಯುವ ತೊಟ್ಟಿಗೆ ಯಾಕೆ ಇಳಿದಳೆಂದು ಮಾತ್ರ ಬರೆದಿಲ್ಲ. ನಾನು ಬರೆಯುತ್ತೇನೆ. ಅವಳು ಇಳಿದದ್ದು ನನಗಾಗಿ.

ನಾನು ಶಿವಾಜಿನಗರದವಳು, ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಕಾವೇರಿ ಯಾದಗಿರಿ ಕಡೆಯವಳು. ಒಂದೇ ಬೆಂಚಿನಲ್ಲಿ ಕೂತು ತೊಳೆಯುತ್ತಿದ್ದೆವು. ಕೈಯ ಚರ್ಮ ಬಿಳಿಚಿ ಬಿರಿಯುತ್ತಿತ್ತು, ಸಂಜೆಗೆ ತಲೆ ಸುತ್ತುತ್ತಿತ್ತು. ಊಟಕ್ಕೆ ಕೂತಾಗ, "ನನ್ನ ರೊಟ್ಟಿ ಗಟ್ಟಿ ಅಲ್ಲ, ನಿನ್ನ ಹಲ್ಲು ಮೆತ್ತಗ" ಎಂದು ನಗುತ್ತಿದ್ದಳು. ಜಿಡ್ಡು ಕರಗಿಸುವ ಆ ದ್ರವಕ್ಕೆ ನಾವು 'ಸಾಲ್ವೆಂಟ್' ಎನ್ನುತ್ತಿದ್ದೆವು, ಅಷ್ಟೇ. ಕ್ಯಾನಿನ ಮೇಲಿನ ಚೀಟಿ ಇಂಗ್ಲಿಷಿನಲ್ಲಿತ್ತು. ಅದನ್ನೂ ಯಾರೋ ಕೆರೆದು ತೆಗೆದಿದ್ದರು.

2003ರ ಆ ಮಧ್ಯಾಹ್ನ ಆಳೆತ್ತರದ ತೊಟ್ಟಿ ಖಾಲಿ ಮಾಡಿಸಿ, ತಳ ಒರೆಸಲು ಸೂಪರ್‌ವೈಸರ್ ನನಗೆ ಹೇಳಿದರು.

"ವಾಸನೆ ಜಾಸ್ತಿ ಇದೆ ಸಾರ್."

"ಖಾಲಿ ಟ್ಯಾಂಕಲ್ಲಿ ಏನಮ್ಮಾ ಆಗತ್ತೆ? ಬೇಗ ಮುಗಿಸು."

ಖಾಲಿ ಎಲ್ಲಿತ್ತು ಮಾನ್ಯರೇ? ಸಾಲ್ವೆಂಟಿನ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ ಎಂದು ನನಗೆ ತಿಳಿದದ್ದು ಆಸ್ಪತ್ರೆಯಲ್ಲಿ. ಇಳಿದ ಮೇಲೆ ನೆನಪಿರುವುದು ಸಿಹಿ ವಾಸನೆ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಕಾಲು ಕುಸಿದದ್ದು, ಮೇಲಿನಿಂದ ಕಾವೇರಿಯ ದನಿ: "ಸಾಬಿರಾ! ಏನಾತವಾ? ತಡಿ, ಬಂದೆ!"

ಉಳಿದದ್ದನ್ನು ಜೊತೆಯವರು ಹೇಳಿದರು. ನನ್ನನ್ನು ಭುಜಕ್ಕೆತ್ತಿ ಮೇಲಿದ್ದವರ ಕೈಗೆ ಕೊಟ್ಟಳಂತೆ. ತಾನು ಕೈ ಚಾಚುವಷ್ಟರಲ್ಲಿ ಕುಸಿದಳಂತೆ. ಶೆಡ್ಡಿನಲ್ಲಿ ಒಂದು ಹಗ್ಗವೂ ಇರಲಿಲ್ಲ. ಲಾರಿಯವರ ಹಗ್ಗ ತಂದು ಹೊರತೆಗೆಯುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಪ್ರಜ್ಞೆಯಿಲ್ಲದವಳ ಬಾಯಿಗೆ ಮಜ್ಜಿಗೆ ಹೊಯ್ದರು. ತಳದಲ್ಲಿ ಉಳಿದಿದ್ದ ಸಾಲ್ವೆಂಟಿನಲ್ಲಿ ನೆಂದ ಬಟ್ಟೆಯಲ್ಲೇ ಆಟೋದಲ್ಲಿ ಮಲಗಿಸಿದರು. ಎಲ್ಲವೂ ಪ್ರೀತಿಯಿಂದಲೇ. ಯಾವ ಕೆಮಿಕಲ್ ಎಂದು ಡಾಕ್ಟರು ಕೇಳಿದರೆ ಯಾರಿಗೂ ಗೊತ್ತಿಲ್ಲ. "ಏನೂ ಕುಡಿಸಬಾರದಿತ್ತು ರೀ, ಶ್ವಾಸಕೋಶಕ್ಕೆ ಹೋಗಿದೆ" ಎಂದರು. ಆ ಸಂಜೆಯೇ ಹೋದಳು.

ನೀವು ತಪಾಸಣೆಗೆ ಬಂದ ದಿನ ತೊಟ್ಟಿಗೆ ಮುಚ್ಚಳ ಬಂದಿತ್ತು, ಗೋಡೆಗೆ ಹೊಸ ಫ್ಯಾನು ಬಂದಿತ್ತು. ಕಾವೇರಿ ಬೇರೆಲ್ಲೋ ಹೋಗಿ ಬಿದ್ದಿರಬೇಕು ಎನ್ನಿಸುವಷ್ಟು ಅಚ್ಚುಕಟ್ಟು! ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಅವಳ ತಾಯಿ ಸುಭದ್ರಮ್ಮನಿಗೆ ವರದಿ ಓದಿ ಹೇಳಿದವಳೂ ನಾನೇ.

"ಅಜಾಗರೂಕತೆ ಅಂದ್ರ ಏನವಾ? ತಪ್ಪು ಮಾಡ್ಯಾಳೇನು ನನ್ನ ಮಗಳು?"

"ಇಲ್ಲಮ್ಮಾ, ನನ್ನನ್ನ ಉಳಿಸಿದ್ಲು."

"ಹಂಗಂತ ಬರದಾರೇನು ಅದರಾಗ?"

ಹಾಳೆ ತಿರುವಿ ಮತ್ತೆ ಹುಡುಕಿದೆ. ನಿಮಗೆ ಸಿಗುತ್ತದೆಯೇ?

ಆ ಪದವನ್ನು ಹೊಡೆದುಹಾಕಿ. ಅವಳು ಮಾಡಿದ್ದನ್ನು ಬರೆಯಿರಿ. ಪ್ರತಿ ತೊಟ್ಟಿಯ ಬಳಿ ಹಗ್ಗ, ಉಸಿರಾಟದ ಸಲಕರಣೆ ಇಡಿಸಿ. ಕನ್ನಡ, ತಮಿಳು, ಉರ್ದುವಿನಲ್ಲಿ ಬರೆಸಿ: ಬಿದ್ದವರನ್ನು ಎತ್ತಲು ಹಾಗೇ ಇಳಿಯಬೇಡಿ, ಹೊರತಂದವರನ್ನು ಒಳ್ಳೆ ಗಾಳಿಗೆ ಒಯ್ಯಿರಿ, ನೆಂದ ಬಟ್ಟೆ ಕಳಚಿ ಮೈ ತೊಳೆಯಿರಿ, ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಚೀಟಿಯಿರುವ ಕ್ಯಾನನ್ನು ಡಾಕ್ಟರಿಗೆ ತೋರಿಸಿ.

ಇದನ್ನು ಓದಿದ್ದರೆ ಕಾವೇರಿ ಇಳಿಯುತ್ತಿರಲಿಲ್ಲವೇ? ಅವಳನ್ನು ನಾನು ಬಲ್ಲೆ, ಇಳಿದೇ ಇಳಿಯುತ್ತಿದ್ದಳು. ಆದರೆ ಉಸಿರಾಟದ ಸಲಕರಣೆ ತೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ಇಬ್ಬರೂ ಮೇಲೆ ಬರುತ್ತಿದ್ದೆವು.

ಇಂತಿ,
ನಿಮ್ಮ ವರದಿಯಲ್ಲಿ 'ಇನ್ನೊಬ್ಬ ಮಹಿಳೆ ಅಪಾಯದಿಂದ ಪಾರು' ಎಂದಿರುವವಳು,
ಸಾಬಿರಾ
ಶಿವಾಜಿನಗರ