ಸೂತಕದಲ್ಲಿ ಮುಟ್ಟದ ಕಾರ್ಡು

ಕೋಲಾರದ ಕಡೆಯ ಹಳೆಯ ಗಣಿ, ಎಂಟನೆಯ ಅಂತಸ್ತು
ಇಸವಿ ೨೩೧೭, ಕಾರ್ತೀಕದ ಮೂವತ್ನಾಲ್ಕನೆಯ ದಿನ

ಇನ್ನೂ ಹುಟ್ಟದ ನನ್ನ ಮರಿಮಕ್ಕಳೇ,

ಕಾರ್ತೀಕಕ್ಕೆ ಮೂವತ್ನಾಲ್ಕು ದಿನ ಎಲ್ಲಿಂದ ಬಂತು ಎಂದು ನಗಬೇಡಿ. ಚಂದ್ರ ಕಾಣದ ಈ ಸುರಂಗದಲ್ಲಿ ತಿಥಿ ತಪ್ಪಿ ಎಷ್ಟೋ ಕಾಲವಾಯಿತು. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ಮೇಲಿನ ಬಿಸಿಲಿಗೆ ಮನುಷ್ಯರು ಉಳಿಯಲಾರರು. ಇಲ್ಲಿ ನಮ್ಮನ್ನು ಬದುಕಿಸಿರುವುದು ಉಸಿರುಚಕ್ರಗಳು, ಎಂದರೆ ಗಾಳಿಯನ್ನು ಕೆಳಕ್ಕೆ ತಳ್ಳುವ ದೊಡ್ಡ ಫ್ಯಾನುಗಳು. ಬೆಳಗ್ಗೆ ಅವು ತಿರುಗುವ ಸದ್ದು ಕೇಳಿದ ಮೇಲೆಯೇ ನಾವು ಒಲೆ ಹಚ್ಚುವುದು. ಹೊರಗಿನ ಜಾಲದಿಂದ ಕಳ್ಳ ಆಜ್ಞೆಗಳು ನುಗ್ಗಿ ಅವನ್ನು ನಿಲ್ಲಿಸದಂತೆ ತಡೆಯುವುದು ಕಾವಲುಪೆಟ್ಟಿಗೆ. ಹಿಂದಿನವರು ಅದನ್ನು ಫೈರ್‌ವಾಲ್ ಎನ್ನುತ್ತಿದ್ದರಂತೆ. ನಮ್ಮದನ್ನು ಅಪ್ಪ ಮನೆಯಲ್ಲೇ ಜೋಡಿಸಿದ್ದು. ತುಕ್ಕು ಹಿಡಿದ ಡಬ್ಬ, ಮೂರು ಹಳೆಯ ಕಂಪ್ಯೂಟರುಗಳ ಭಾಗಗಳು, ಬೆನ್ನಿನ ಕಡೆ ಹೊರಗಿನ ತಂತಿ ಸೇರುವ ನೆಟ್‌ವರ್ಕ್ ಕಾರ್ಡು. ಆ ಕಾರ್ಡಿನ ಹಸಿರು ದೀಪ ಉರಿದರೆ ಮಾತ್ರ, ಎರಡು ದಿನದ ದಾರಿಯಾಚೆಯ ಗಣಿಯಲ್ಲಿದ್ದ ನನ್ನ ತಂಗಿ ಪಾಪಕ್ಕನ ಓಲೆ ನಮಗೆ ಮುಟ್ಟುತ್ತಿತ್ತು.

ನಮ್ಮಲ್ಲೊಂದು ಪದ್ಧತಿ. ಪೆಟ್ಟಿಗೆ ಕಟ್ಟಿದವರು ತೀರಿಕೊಂಡರೆ ಅದಕ್ಕೂ ಸೂತಕ. ಅದರ ಮುಖವನ್ನು ಗೋಡೆಗೆ ತಿರುಗಿಸಿಡಬೇಕು, ಹನ್ನೊಂದು ದಿನ ಯಾರೂ ಬಿಚ್ಚುವಂತಿಲ್ಲ. ಅಪ್ಪ ಹೋದ ದಿನ ಪಾಪಕ್ಕನಿಗೆ ಸುದ್ದಿ ಕಳಿಸಿ, ಪೆಟ್ಟಿಗೆಯನ್ನು ನಾನೇ ತಿರುಗಿಸಿದೆ. ಹಸಿರು ದೀಪ ಆರಿತು. ಸೋದರತ್ತೆ ಚೌಡಮ್ಮ, "ಬಿಚ್ಚಿ ನೋಡಮ್ಮ, ನಿಮ್ಮಪ್ಪ ಏನೂ ಕೋಪ ಮಾಡ್ಕಳಲ್ಲ" ಎಂದಳು. ನಾನು ಕೇಳಲಿಲ್ಲ. ಅಪ್ಪ ತಿರುಗಿಸಿದ ಸ್ಕ್ರೂಗಳನ್ನು ಬಿಚ್ಚಲು ನನಗೆ ಕೈ ಬರಲಿಲ್ಲ, ಅದಕ್ಕೆ ಪದ್ಧತಿಯ ಹೆಸರು ಹೇಳಿದೆ.

ಹನ್ನೆರಡನೆಯ ದಿನ ತಂತಿ ಬದಲಿಸಿದೆ. ದೀಪ ಬರಲಿಲ್ಲ. ಕಾರ್ಡು ಸುಟ್ಟಿರಬೇಕೆಂದು ಯಂತ್ರ ಆರಿಸಿ ಮುಚ್ಚಳ ತೆಗೆದರೆ, ಅದು ಕೂರುವ ಸೀಳಿನಿಂದ ಅಕ್ಕಿಕಾಳಿನಷ್ಟು ಮೇಲೆದ್ದಿತ್ತು, ಅಷ್ಟೇ. ನಾನು ಪೆಟ್ಟಿಗೆ ತಿರುಗಿಸುವಾಗ ಸಡಿಲವಾಗಿತ್ತು. ಹೆಬ್ಬೆರಳಿನಿಂದ ಒತ್ತಿ ಯಂತ್ರ ಚಾಲೂ ಮಾಡಿದೆ. ದೀಪ ಹತ್ತಿತು.

ದಾರಿಯಲ್ಲಿ ತಡೆದು ನಿಂತಿದ್ದ ಓಲೆಗಳು ಒಂದರ ಹಿಂದೊಂದು ಬಂದವು. ಮೊದಲನೆಯದು: "ಅಕ್ಕಾ, ಗಣೀಗೆ ನೀರು ನುಗ್ತಾ ಐತೆ, ನಿಮ್ಮ ಪಂಪು ಕಳ್ಸು." ಆಮೇಲಿನವೂ ಅದೇ, ಪ್ರತಿ ಓಲೆಯಲ್ಲೂ ನೀರು ಮಾತ್ರ ಒಂದು ಅಂತಸ್ತು ಮೇಲೆ. ನಮ್ಮ ಪಂಪು ಅಷ್ಟೂ ದಿನ ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಒಂಬತ್ತನೆಯ ದಿನದ್ದೇ ಕಡೆಯದು: "ಪಂಪು ಬ್ಯಾಡ ಬಿಡಕ್ಕಾ. ನಿಮ್ ಕಡೆಯಿಂದ ಮಾತೇ ಇಲ್ಲ, ನೀವೆಲ್ಲಾ ಚೆನ್ನಾಗಿದೀರಾ?"

ಬಿಸಿಲು ತಪ್ಪಿಸಿ ರಾತ್ರಿಯಲ್ಲೇ ಪಂಪು ಹೊತ್ತು ಹೋದವರು ಗಣಿಯ ಬಾಯಿತನಕ ನಿಂತ ನೀರು ನೋಡಿ ಮರಳಿದರು. ಚೆನ್ನಾಗಿದ್ದೇವೆ ಎಂದು ನಾನು ತಂಗಿಗೆ ದಿನವೂ ಬರೆಯುತ್ತೇನೆ. ಹಸಿರು ದೀಪ ಉರಿಯುತ್ತಲೇ ಇದೆ.

ನಿಮ್ಮಲ್ಲಿ ಯಾರೇ ಹೋಗಲಿ, ದೀಪ ಆರಿದ್ದರೆ ಮೊದಲು ಮುಚ್ಚಳ ಬಿಚ್ಚಿ ಕಾರ್ಡು ಒತ್ತಿ ನೋಡಿ. ಅಳುವುದು ಆಮೇಲೆ.

ನಿಮ್ಮ ಮುತ್ತಜ್ಜಿ,
ಅಲಮೇಲು