ಬಣ್ಣ ಉಂಟಾ ಎಂದು ಕೇಳಿದ್ದಿರಿ

ಅಂಬಲಪಾಡಿಯ ಸಂಜೀವಣ್ಣನಿಗೆ,

ಕಾಪುವಿನಿಂದ ಪದ್ದು ಬರೆಯುತ್ತಿದ್ದೇನೆ. ಹತ್ತನೆಯ ಕ್ಲಾಸನ್ನು ಅರ್ಧಕ್ಕೆ ಬಿಟ್ಟವನ ಅಕ್ಷರ, ಓದಲು ಕಷ್ಟವಾದೀತು. ನೀವು ಬದುಕಿದ್ದಾಗ ನಾನು ನಿಮಗೊಂದು ಚೀಟಿಯನ್ನೂ ಬರೆದವನಲ್ಲ. ಈಗ ಬರೆಯುತ್ತಿರುವುದು ನಿಮ್ಮ ಕಣ್ಣಿನ ವಿಷಯಕ್ಕೆ. ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ, ಸಂಜೀವಣ್ಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೋದರೆ ನಾನು ಎಂದಿನ ಹಾಗೆ ನಡುದಾರಿಯಲ್ಲಿ ಇಳಿದುಬಿಡುತ್ತೇನೆ.

ಮಣಿಪಾಲದ ಕಾಲೇಜಿನ ಲ್ಯಾಬಿಗೆ ನಾನು ಕ್ಯಾಂಟೀನಿನಿಂದ ಚಾ ತಂದ ದಿನ ನಿಮಗೆ ನೆನಪಿದೆಯೇ? ನೀವು ಅಲ್ಲಿ ಅಟೆಂಡರ್. ಕಿಟಕಿಯ ಹತ್ತಿರ ಗಾಜಿನ ತೊಟ್ಟಿ, ಅದರ ತುಂಬ ನೀರು, ತಳದಲ್ಲಿ ಜಲ್ಲಿ, ಮೂಲೆಯಿಂದ ಗುಳುಗುಳು ಗಾಳಿ. ಮೀನು ಮಾತ್ರ ಇಲ್ಲ. "ಮೀನೆಲ್ಲಿ?" ಎಂದು ಕೇಳಿದೆ. "ಬರಲಿಕ್ಕುಂಟು. ಮೊದಲು ಅವರ ಅಡಿಗೆಯವರು, ಗುಡಿಸುವವರು ಬಂದು ಕೂತುಕೊಳ್ಳಲಿ" ಎಂದಿರಿ. ನನಗೆ ತಮಾಷೆ ಅನ್ನಿಸಿತು. ನೀವು ಚಾ ಆರುವವರೆಗೂ ವಿವರಿಸಿದಿರಿ. ಮೀನಿನ ಗಲೀಜೇ ಮೀನಿಗೆ ವಿಷ. ಆ ವಿಷವನ್ನು ತಿನ್ನುವ ಕಣ್ಣಿಗೆ ಕಾಣದ ಜೀವಗಳಿವೆ. ಅವು ತಿಂದು ಬಿಟ್ಟದ್ದೂ ವಿಷವೇ, ಅದನ್ನು ತಿನ್ನಲು ಇನ್ನೊಂದು ಜಾತಿ ಬೇಕು. ಎರಡೂ ತಾವಾಗಿ ಬಂದು ಜಲ್ಲಿಯಲ್ಲಿ ನೆಲೆಯಾಗಲು ಹೆಚ್ಚು ಕಡಿಮೆ ನಲವತ್ತು ದಿನ. ಲ್ಯಾಬಿನ ಮೇಡಂ ಕೊಟ್ಟ ಎರಡು ಸೀಸೆಗಳನ್ನು ತೋರಿಸಿದಿರಿ. ಒಂದರ ಹನಿಗೆ ನೀರು ಹಳದಿಯಾದರೆ ಮೊದಲ ವಿಷ, ಇನ್ನೊಂದರ ಹನಿಗೆ ಗುಲಾಬಿಯಾದರೆ ಎರಡನೆಯದು. "ಹಳದಿ ಬಂದು ಹೋಗಬೇಕು, ಗುಲಾಬಿ ಬಂದು ಹೋಗಬೇಕು. ಆಮೇಲೆ ಮೀನು. ತಿಳಿಯಿತಾ?"

"ನಮ್ಮ ಮನೆಗೆ ಮೀನು ಬರುವುದೇ ಸತ್ತ ಮೇಲೆ" ಎಂದೆ.

"ಅದಕ್ಕೇ ನಿನಗೆ ಹೇಳುವುದು, ಮಾರಾಯ."

ಒಂದು ಕೆಲಸದಲ್ಲಿಯೂ ತಿಂಗಳು ನಿಲ್ಲದವನನ್ನು, ಮನೆಗಳಿಗೆ ತೊಟ್ಟಿ ಕಟ್ಟಿಕೊಡುವ ನಿಮ್ಮ ಬಿಡುವಿನ ಕೆಲಸಕ್ಕೆ ನೀವು ಯಾಕೆ ಕರೆದುಕೊಂಡಿರಿ? ಅಪ್ಪನ ದೋಣಿ ಬಿಟ್ಟಿದ್ದೆ, ಹೆಂಚಿನ ಕಾರ್ಖಾನೆ ಬಿಟ್ಟಿದ್ದೆ, ಕ್ಯಾಂಟೀನನ್ನೂ ಬಿಡುವುದರಲ್ಲಿದ್ದೆ. ಕೇಳಿದವರಿಗೆಲ್ಲ ನೀವು ಹೇಳುತ್ತಿದ್ದ ಉತ್ತರ ಒಂದೇ. "ಇವನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಆದರೆ ಬಾಯಲ್ಲಿ ಸುಳ್ಳಿಲ್ಲ." ಅದು ನಿಜವೂ ಆಗಿತ್ತು. ಮೇಷ್ಟ್ರ ಮುಖಕ್ಕೇ ನಿಮ್ಮ ಪಾಠ ನನಗೆ ಅರ್ಥವಾಗುವುದಿಲ್ಲ ಎಂದು ಹೇಳಿ ಶಾಲೆ ಬಿಟ್ಟವನು ನಾನು. ಆ ಒಂದು ಮಾತಿನ ಮೇಲೆ ನೀವು ನನ್ನ ಕೈಗೆ ಸೀಸೆ ಕೊಟ್ಟಿರಿ.

ಕಾರ್ಕಳದ ಬಸ್ತಿಯ ಹತ್ತಿರದ ಆ ಜೈನರ ಮನೆಗೆ ನಾವು ಗಾಜು ಹೊತ್ತುಕೊಂಡು ಹೋದ ಮಧ್ಯಾಹ್ನವನ್ನು ನೆನೆದರೆ ನನಗೆ ಈಗಲೂ ಬೆವರು ಬರುತ್ತದೆ. ಮನೆಯ ಜಯರಾಜರಿಗೆ ಚಾವಡಿಯಲ್ಲಿ ಮೀನಿನ ತೊಟ್ಟಿ ಇಡುವ ಆಸೆ. "ಟಿ.ವಿ. ಈ ಊರಿಗೆ ಯಾವಾಗ ಬರುತ್ತದೋ. ಅಲ್ಲಿಯವರೆಗೆ ಇದನ್ನೇ ನೋಡುವ" ಎಂದು ನಗುತ್ತಿದ್ದರು. ಅವರ ತಾಯಿ ಚಂದ್ರಮತಿ ಅಮ್ಮ ನಗಲಿಲ್ಲ. ಬಿಳಿ ಸೀರೆ, ಕೋಲಿನಂಥ ಬೆನ್ನು. ಬಾಗಿಲಲ್ಲೇ ನಿಮ್ಮನ್ನು ತಡೆದರು. "ನನ್ನ ಮನೆಯಲ್ಲಿ ಇವು ಸತ್ತರೆ ಆ ಪಾಪ ಯಾರಿಗೆ?" ಬೇರೆಯವರು ಮೊದಲು ನಾಲ್ಕು ಅಗ್ಗದ ಮೀನು ಬಿಟ್ಟು, ಅವು ಸತ್ತರೆ ಸಾಯಲಿ ಎಂದು ನೀರು ಹದ ಮಾಡುತ್ತಾರೆಂಬುದನ್ನು ನೀವು ಮುಚ್ಚಿಡಲಿಲ್ಲ. "ನಾನು ಹಾಗೆ ಮಾಡುವುದಿಲ್ಲ ಅಮ್ಮ. ಖಾಲಿ ನೀರಿಗೇ ದಿನಾ ಚಿಟಿಕೆ ಕಡಲೆಹಿಟ್ಟು ಹಾಕುವ. ಅದು ಕೊಳೆತು ವಿಷವಾಗಲಿ, ವಿಷ ತಿನ್ನುವವರು ಬರಲಿ. ಒಂದು ಮೀನೂ ಸಾಯುವುದಿಲ್ಲ. ಇದು ನನ್ನ ಮಾತು."

ಮೀನಿಲ್ಲದ ತೊಟ್ಟಿಗೆ ಹಿಟ್ಟು ಹಾಕುವುದನ್ನು ಕಂಡು ಆ ಮನೆಯ ಕೆಲಸದವರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ನನ್ನ ಅಮ್ಮನಂತೂ ಕೇಳಿ ಹೆದರಿದಳು. ನಮ್ಮಲ್ಲಿ ಎದುರಿಗೆ ಯಾರೂ ಇಲ್ಲದೆ ಬಡಿಸುವುದು ಸತ್ತವರಿಗೆ ಮಾತ್ರ, ಅಲ್ಲವೇ? ಆದರೆ ಚಂದ್ರಮತಿ ಅಮ್ಮ ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದರು. ನೀರಿನಲ್ಲಿ ಕಾಣದ ಜೀವಗಳಿವೆ ಎಂದು ಅವರಿಗೆ ನಾವು ಹೇಳಬೇಕೇ? ಹುಟ್ಟಿದಂದಿನಿಂದ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಮರಳಿ ಬಾವಿಗೇ ಬಿಟ್ಟವರು. ದಿನವೂ ಮರದ ಕುರ್ಚಿ ಹಾಕಿಕೊಂಡು ಆ ಖಾಲಿ ನೀರಿನ ಮುಂದೆ ಕೂರುತ್ತಿದ್ದರು. "ಇವತ್ತು ಎಷ್ಟು ಜನ ಬಂದಿದ್ದಾರೆ?" ಎಂದು ನನ್ನನ್ನು ಕೇಳುತ್ತಿದ್ದರು.

ಇನ್ನು ಆ ಶನಿವಾರದ ಮಾತು. ಹಳದಿ ಬಂದು ಹೋಗಿ, ಗುಲಾಬಿ ಬಂದಿತ್ತು. ಬುಧವಾರ ನಾನು ನೋಡಿದಾಗ ಆ ಗುಲಾಬಿ ಸ್ವಲ್ಪ ತೆಳುವಾಗಿತ್ತು. ಶನಿವಾರ ಮತ್ತೆ ಹೋಗಿ ನೋಡಿ ನಿಮಗೆ ಹೇಳಬೇಕಿತ್ತು. ಬೊಂಬಾಯಿಯಿಂದ ಬಂದ ಎಂಟು ಏಂಜೆಲ್ ಮೀನುಗಳು ನಿಮ್ಮ ಮನೆಯ ಬಕೆಟಿನಲ್ಲಿ ಕಾಯುತ್ತಿದ್ದವು. ನಾನು ಕಾಪುವಿನಿಂದ ಹೊರಟೆ, ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸಿಗಾಗಿ ಇಳಿದೆ. ಅಲ್ಲಿ ಮೈದಾನದಲ್ಲಿ ವಾಲಿಬಾಲ್ ನಡೆಯುತ್ತಿತ್ತು. ಒಂದು ಬಸ್ಸು ಬಿಟ್ಟೆ. ಇನ್ನೊಂದು ಬಿಟ್ಟೆ. ಆಟ ಮುಗಿದ ಮೇಲೆ ನೇರ ನಿಮ್ಮ ಮನೆಗೆ ಬಂದೆ. ನೀವು ಕೇಳಿದಿರಿ, "ಬಣ್ಣ?"

"ಹೋಯಿತು" ಎಂದೆ.

ಅಷ್ಟೇ. ಕಾರಣ ಹುಡುಕಿ ನೋಡಿದ್ದೇನೆ, ಸಿಗಲಿಲ್ಲ. ತಾಯಿಗೆ ಹುಷಾರಿರಲಿಲ್ಲ, ಮಳೆ ಬಂತು ಎನ್ನೋಣವೆಂದರೆ ಅದೇನೂ ಇರಲಿಲ್ಲ. ಖಾಲಿ ನೀರನ್ನು ನೋಡಿ ನೋಡಿ ನನಗೆ ಬೇಸರ ಬಂದಿತ್ತು.

ಭಾನುವಾರ ಅವರ ಮನೆ ತುಂಬ ನೆಂಟರು. ಜಯರಾಜರ ಅವಸರ. ನನ್ನ ಮಾತೊಂದು ಸಾಕೆಂದು ನೀವು ಪರೀಕ್ಷೆ ಮಾಡದೆ ಮೀನು ಬಿಟ್ಟಿರಿ. ಬುಧವಾರ ಕರೆ ಬಂತು. ನಾವು ಹೋಗುವಾಗ ಎಂಟೂ ಒಂದು ಬಾಳೆಲೆಯ ಮೇಲೆ ಸಾಲಾಗಿದ್ದವು, ಚಂದ್ರಮತಿ ಅಮ್ಮ ಪಕ್ಕದಲ್ಲಿ ಕೂತಿದ್ದರು. ನೀವು ನೀರು ತೆಗೆದು ಹನಿ ಹಾಕಿ, ಗಾಜಿನ ನಳಿಗೆಯನ್ನು ಬಿಳಿ ಕಾಗದದ ಮುಂದೆ ಹಿಡಿದಿರಿ. ಕಿಟಕಿಯಿಂದ ಒಳ್ಳೆಯ ಬಿಸಿಲು. ನೀರು ಗುಲಾಬಿಯಾಗಿತ್ತು, ಸಂಜೀವಣ್ಣ. ಕುರುಡನಿಗೂ ಕಾಣುವಷ್ಟು. ನೀವು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಿರಿ, "ಪದ್ದು, ಬಣ್ಣ ಉಂಟಾ?"

"ಇಲ್ಲ" ಎಂದೆ.

ನೀವು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದಿರಿ. ಮತ್ತೆ ನೋಡಿದಿರಿ. ಮತ್ತೆ ಒರೆಸಿದಿರಿ. ನನ್ನನ್ನು ಒಮ್ಮೆಯಾದರೂ ಸಂಶಯದಿಂದ ನೋಡಿದ್ದರೆ ನಾನು ಅಲ್ಲೇ ಹೇಳಿಬಿಡುತ್ತಿದ್ದೆನೋ ಏನೋ. ನೀವು ನೋಡಲಿಲ್ಲ. ಆ ಅಮ್ಮನ ಮುಂದೆ ಕೈ ಮುಗಿದು, "ಇಲ್ಲದ ಬಣ್ಣ ನನಗೆ ಕಾಣುತ್ತಾ ಉಂಟಮ್ಮ. ಕಣ್ಣು ಹೋಗಿದೆ. ಮಾತು ಕೊಟ್ಟವನು ನಾನು, ತಪ್ಪು ನನ್ನದೇ" ಎಂದಿರಿ. ನಾನು ಬಕೆಟ್ ಹಿಡಿದುಕೊಂಡು ಅಲ್ಲಿಯೇ ನಿಂತಿದ್ದೆ.

ಆಮೇಲೆ ನೀವು ತೊಟ್ಟಿ ಕಟ್ಟಲಿಲ್ಲ. ಲ್ಯಾಬಿನಲ್ಲಿ ಸೀಸೆಗಳ ಚೀಟಿ ಓದಿಸಲು ಇನ್ನೊಬ್ಬರನ್ನು ಕರೆಯುತ್ತಿದ್ದಿರಂತೆ. ಕಣ್ಣಿನ ಡಾಕ್ಟರು ಏನೂ ಆಗಿಲ್ಲ ಎಂದರೆ, "ಅವರಿಗೆ ಗೊತ್ತಾಗುವುದಿಲ್ಲ, ಒಳಗಿನಿಂದ ಹೋಗಿದೆ" ಎಂದಿರಂತೆ. ಕೆಂಪು ಸೀರೆ ಉಟ್ಟು ನಿಂತ ಹೆಂಡತಿಯನ್ನು, ನಮ್ಮ ಗಿರಿಜಕ್ಕನನ್ನು, "ಇದು ಕೆಂಪೇ ಅಲ್ವಾ?" ಎಂದು ಕೇಳಿದಿರಂತೆ. ಇದೆಲ್ಲ ನನಗೆ ತಿಳಿದದ್ದು ಎದೆನೋವಿನಲ್ಲಿ ನೀವು ಹೋದ ಸುದ್ದಿ ಬಂದ ಮೇಲೆ, ನಿಮ್ಮ ಅಂಗಳದಲ್ಲಿ ಜನರ ನಡುವೆ ನಿಂತಿದ್ದಾಗ. ಎಂಟು ತಿಂಗಳು ನಾನು ನಿಮ್ಮ ಮನೆಯ ದಾರಿಗೇ ಬಂದಿರಲಿಲ್ಲ.

ಈಗ ಎಲ್ಲಿ ಗಾಜು ಇದ್ದರೂ ನೀವು ಬರುತ್ತೀರಿ. ಬಸ್ಸಿನ ಕಿಟಕಿ, ಹೋಟೆಲಿನ ತಿಂಡಿಯ ಕಪಾಟು, ಚಾದ ಗ್ಲಾಸು. ನನ್ನ ಮುಖದ ಹಿಂದೆ ಯಾರೋ ಕನ್ನಡಕ ಒರೆಸುತ್ತಿರುತ್ತಾರೆ. ತಿರುಗಿದರೆ ಯಾರೂ ಇಲ್ಲ. ಕಾಣದಿದ್ದರೂ ಇರುವವರು ಇದ್ದಾರೆ ಎಂದು ನನಗೆ ಕಲಿಸಿದವರು ನೀವೇ. ಈಗ ನೀವೂ ಅವರ ಸಾಲಿಗೆ ಸೇರಿಕೊಂಡರೆ ನಾನು ಯಾವ ಹನಿ ಹಾಕಿ ನೋಡಲಿ?

ಕಳೆದ ವರ್ಷ ಗಿರಿಜಕ್ಕನಿಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಪೂರ್ತಿ ಕೇಳಿ, ಗೆರಸೆ ಕೆಳಗಿಟ್ಟು, "ನನ್ನತ್ರ ಯಾಕೆ ಹೇಳಿದೆ? ನಾನು ಅವರಿಗೆ ಹೇಳಲಿಕ್ಕೆ ಎಲ್ಲಿಗೆ ಹೋಗಲಿ?" ಎಂದರು. ಗೆರಸೆಯನ್ನು ಮತ್ತೆ ಎತ್ತಿಕೊಂಡು, "ಕಾರ್ಕಳದವರಿಗೆ ಹೇಳಿದೆಯಾ?"

"ಇಲ್ಲ."

"ಹಾಗಾದರೆ ಆ ಮನೆಯಲ್ಲಿ ಇವರು ಇನ್ನೂ ಕುರುಡರೇ."

ನನಗೆ ಕುಡಿಯಲು ನೀರೂ ಕೊಡಲಿಲ್ಲ. ಕೊಡದಿದ್ದದ್ದೇ ಸರಿ.

ಕಾರ್ಕಳಕ್ಕೆ ಹೋದಾಗ ಚಂದ್ರಮತಿ ಅಮ್ಮ ಅದೇ ಮರದ ಕುರ್ಚಿಯಲ್ಲಿದ್ದರು, ಎದುರಿಗೆ ತೊಟ್ಟಿ ಇರಲಿಲ್ಲ. ನಿಂತೇ ಹೇಳಿದೆ. ವಾಲಿಬಾಲಿನಿಂದ ಹಿಡಿದು ಎಲ್ಲವನ್ನೂ.

"ಎಂಟು ಮೀನಿಗೆ ನಾನು ಎಂಟು ದಿನ ಒಪ್ಪೊತ್ತು ಮಾಡಿದೆ" ಎಂದರು. ದಿನಕ್ಕೆ ಒಂದೇ ಊಟ. "ನಿನ್ನ ಸುಳ್ಳಿಗೆ ಯಾರು ಮಾಡುವುದು?"

"ನಾನೇ ಮಾಡುತ್ತೇನಮ್ಮ."

"ನೀನೆಂತ ಮಾಡುವುದು! ಒಂದು ಹೊತ್ತು ಕಾಯಲಿಕ್ಕೆ ಆಗದವನು. ಹಸಿದರೆ ಇನ್ನೆಲ್ಲಿ ಇಳಿಯುತ್ತೀಯೋ." ಕೋಲಿನಿಂದ ಹಿಂದಿನ ಜಗಲಿಯನ್ನು ತೋರಿಸಿದರು. "ತೊಟ್ಟಿ ಅಲ್ಲಿ ಉಂಟು. ತೊಳೆ. ನೀರು ತುಂಬು. ದಿನಾ ಬಾ. ಅವರು ಹೇಗೆ ಹೇಳಿದ್ದರೋ ಹಾಗೆ."

ಲ್ಯಾಬಿನ ಮೇಡಂ ಹೊಸ ಸೀಸೆ ಕೊಟ್ಟರು. ನಲವತ್ತಾರು ದಿನ, ಸಂಜೀವಣ್ಣ. ಒಂದು ದಿನವೂ ತಪ್ಪಿಸಲಿಲ್ಲ. ಪಡುಬಿದ್ರಿಯಲ್ಲಿ ಬಸ್ಸಿಗೆ ಕಾಯುವಾಗ ಮೈದಾನಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಹಳದಿ ಹನ್ನೊಂದನೆಯ ದಿನಕ್ಕೆ ಗಾಢವಾಯಿತು, ಇಪ್ಪತ್ತಕ್ಕೆ ಹೋಯಿತು. ಗುಲಾಬಿ ಮಾತ್ರ ಬಂದು ಕೂತದ್ದು ಏಳಲೇ ಇಲ್ಲ. ನಳಿಗೆಯನ್ನು ಕಾಗದದ ಮುಂದೆ ಹಿಡಿಯುವಾಗಲೆಲ್ಲ ಕಿವಿಯ ಹತ್ತಿರವೇ ನೀವು ಕೇಳುತ್ತಿದ್ದಿರಿ. ನಾನು ಗಟ್ಟಿಯಾಗಿ ಉತ್ತರಿಸುತ್ತಿದ್ದೆ. "ಉಂಟು ಸಂಜೀವಣ್ಣ. ಇವತ್ತೂ ಉಂಟು." ಕೆಲಸದವರು ಈ ಸಲ ನಗಲಿಲ್ಲ, ಸ್ವಲ್ಪ ದೂರ ಸರಿದು ಹೋಗುತ್ತಿದ್ದರು. ನಲವತ್ತೆರಡನೆಯ ದಿನ ನೀರು ನೀರಾಗಿಯೇ ಉಳಿಯಿತು. ಅಮ್ಮ ಕನ್ನಡಕ ಹಾಕಿಕೊಂಡು ತಾವೇ ನೋಡಿದರು. "ಬಿಡುತ್ತೀಯಾ?" ಎಂದರು. ಇನ್ನು ನಾಲ್ಕು ದಿನ ನೋಡುವ ಎಂದೆ. ಹಾಗೆ ಹೇಳಿದ್ದು ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ.

ನಾಲ್ಕು ಕೆಂಪು ಕತ್ತಿಬಾಲದ ಮೀನು ಬಿಟ್ಟೆ. ತಿಂಗಳಾಯಿತು. ನೀರು ಯಾರನ್ನೂ ಕೊಲ್ಲಲಿಲ್ಲ. ನೀವು ಹೇಳಿದ ಕ್ರಮ ಸರಿ, ನಿಮ್ಮ ಕಣ್ಣು ಸರಿ. ಆ ಮನೆಯಲ್ಲಿ ಈಗ ಎಲ್ಲರಿಗೂ ಗೊತ್ತು.

ಇಷ್ಟಕ್ಕೇ ಮುಗಿಸಿದರೆ ಚೆಂದ ಇತ್ತು. ಆದರೆ ಮೊನ್ನೆ ಒಂದು ಸತ್ತಿತು. ನಾನು ಹೋದಾಗ ನೆಲದ ಮೇಲೆ ಒಣಗಿ ಬಿದ್ದಿತ್ತು. ಹಿಂದಿನ ದಿನ ಆಹಾರ ಹಾಕಿದ ಮೇಲೆ ಮೇಲಿನ ಗಾಜನ್ನು ಪೂರ್ತಿ ಮುಚ್ಚದೆ ಬಂದವನು ನಾನೇ. ಮೀನು ಆ ಸಂದಿಯಿಂದ ಹಾರಿತ್ತು. ಚಾವಡಿಯಲ್ಲಿ ಯಾರೂ ಇರಲಿಲ್ಲ. ಅಂಥದ್ದೇ ಇನ್ನೊಂದು ಮೀನು ಉಡುಪಿಯಲ್ಲಿ ಸಿಗುತ್ತದೆ, ಸಂಜೆಯೊಳಗೆ ತಂದು ಬಿಡಬಹುದು, ನಾಲ್ಕು ನಾಲ್ಕೇ ಆಗಿರುತ್ತದೆ. ಅದು ನನ್ನ ತಲೆಗೆ ಬರಲಿಲ್ಲ ಎಂದರೆ ಇನ್ನೊಂದು ಸುಳ್ಳು. ಬಂತು. ಅಂಗೈಯಲ್ಲಿ ಅದನ್ನು ಇಟ್ಟುಕೊಂಡು ಒಳಗೆ ಹೋಗಿ, "ಅಮ್ಮ, ಒಂದು ಸತ್ತಿತು. ಗಾಜು ಸರಿ ಮುಚ್ಚದಿದ್ದದ್ದು ನಾನು" ಎಂದೆ. ಅವರು ಮೀನನ್ನು ನೋಡಿದರು, ಆಮೇಲೆ ನನ್ನನ್ನು. "ಸರಿ. ಇವತ್ತು ಇಬ್ಬರಿಗೂ ಒಪ್ಪೊತ್ತು" ಎಂದರು.

ಆ ಮನೆಯಲ್ಲಿ ಮಧ್ಯಾಹ್ನ ಅವರೊಂದಿಗೆ ಕೂತು ಉಂಡು ಕಾಪುವಿಗೆ ಬಂದೆ. ಸಂಜೆ ನನ್ನ ಅಮ್ಮ ಬಂಗುಡೆ ಸಾರು ಬಡಿಸಲು ಕರೆದಳು. ಬೇಡ ಎಂದೆ. ನಮ್ಮ ಮನೆಯಲ್ಲಿ ಮೀನು ತಿನ್ನುವುದನ್ನು ಬಿಡುವುದು ಯಾರಾದರೂ ಸತ್ತಾಗ ಮಾತ್ರ, ನಿಮಗೆ ಗೊತ್ತಲ್ಲ. ಅವಳ ಕೈಯ ಸೌಟು ಅಲ್ಲೇ ನಿಂತಿತು.

"ಯಾರು ಹೋದದ್ದು?" ಎಂದು ಕೇಳಿದಳು.

ಮೊದಲು ಮೀನಿನ ವಿಷಯ ಹೇಳಿದೆ. ಅವಳು ನಗಲು ಹೊರಟವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಆಮೇಲೆ ನಿಮ್ಮ ಹೆಸರು ಹೇಳಿದೆ.

ಇಂತಿ,
ಪದ್ದು